ಕಾಲು ಎಣಿಸಿದರೆ ಸಾಲದು: ತೊಗರಿ ಹೊಲದಲ್ಲಿ ನಿಂತು ಪ್ರಾಣಿ ವರ್ಗೀಕರಣ

ನವೆಂಬರ್ ಹೊತ್ತಿಗೆ ಕಲಬುರಗಿ ಜಿಲ್ಲೆಯ ತೊಗರಿ ಹೊಲಗಳಲ್ಲಿ ಕೆಲವು ಗಿಡಗಳು ಬೇರೆಯಾಗಿ ಎದ್ದು ಕಾಣುತ್ತವೆ. ಸುತ್ತಲಿನ ಗಿಡಗಳು ಹಳದಿ ಹೂ ಬಿಟ್ಟು ಕಾಯಿ ಕಟ್ಟುತ್ತಿರುತ್ತವೆ. ಇವು ಮಾತ್ರ ತಿಳಿ ಹಸಿರಾಗಿ, ಪೊದೆ ಕಟ್ಟಿಕೊಂಡು ನಿಂತಿರುತ್ತವೆ. ಎಲೆ ಸಣ್ಣ, ಮೇಲೆ ಹಳದಿ-ಹಸಿರು ಮಚ್ಚೆ. ಹೂವೂ ಇಲ್ಲ, ಕಾಯಿಯೂ ಇಲ್ಲ. ಇದು ಗೊಡ್ಡು ರೋಗ. ರೈತ ಎಣ್ಣೆ ಅಂಗಡಿಗೆ ಹೋಗಿ, “ಗಿಡ ಹಸಿರದ, ಕಾಯೇ ಹಿಡಿವಲ್ದು. ಒಂದು ಚಲೋ ಎಣ್ಣಿ ಕೊಡ್ರಿ ಅಣ್ಣಾರ” ಅನ್ನುತ್ತಾನೆ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಲೇ ಹೆಸರು. ಅಂಗಡಿಯವನು ಕಾಯಿಕೊರಕಕ್ಕೆ ಹೊಡೆಯುವ ಡಬ್ಬಿಯನ್ನೇ ಎತ್ತಿ ಕೊಟ್ಟರೆ ದುಡ್ಡು ದಂಡ.

ಯಾಕೆ ದಂಡ? ಗೊಡ್ಡು ರೋಗ ತರುವುದು ಒಂದು ವೈರಸ್. ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಅಸೇರಿಯಾ ಕಜಾನಿ ಎಂಬ ನುಸಿ. ಒಂದು ಮಿಲಿಮೀಟರನ್ನು ಐದು ಪಾಲು ಮಾಡಿದರೆ ಒಂದು ಪಾಲಿನಷ್ಟು ಉದ್ದ. ಬರಿಗಣ್ಣಿಗೆ ಕಾಣದು. ಗಾಳಿ ಬೀಸಿದ ಕಡೆ ತೇಲಿ ಹೋಗುತ್ತದೆ. ಈ ನುಸಿ ಕೀಟಗಳ ಕುಲದ್ದಲ್ಲ. ಜೇಡ, ಚೇಳು, ದನದ ಮೈಗೆ ಅಂಟುವ ಉಣ್ಣಿ, ಇವುಗಳ ಬಳಗದ್ದು. ಕೀಟಗಳನ್ನು ಗುರಿಯಾಗಿಟ್ಟು ಮಾಡಿದ ಎಷ್ಟೋ ಔಷಧಗಳು ಈ ಬಳಗಕ್ಕೆ ನಾಟುವುದೇ ಇಲ್ಲ. ಕೆಲವು ಸಲ ನುಸಿಯನ್ನು ತಿಂದು ಬದುಕುವ ಜೀವಿಗಳು ಸತ್ತು, ನುಸಿ ಮೊದಲಿಗಿಂತ ಜಾಸ್ತಿಯಾಗುವುದೂ ಉಂಟು. ಇದಕ್ಕೆ ನುಸಿನಾಶಕವೇ ಬೇಕು. ಇಲ್ಲವೇ ಬಿಎಸ್‌ಎಂಆರ್-736ರಂತಹ, ಗೊಡ್ಡು ರೋಗ ತಡೆದುಕೊಳ್ಳುವ ತಳಿಯನ್ನು ಬಿತ್ತನೆ ಹೊತ್ತಿಗೇ ಆರಿಸಿಕೊಳ್ಳಬೇಕು.

ಅಂದರೆ ಪ್ರಾಣಿಗಳನ್ನು ದೇಹರಚನೆ ನೋಡಿ ಗುಂಪು ಮಾಡುವ ಪಾಠ ಪರೀಕ್ಷೆಗೆ ಓದಿ ಮರೆಯುವಂಥದ್ದಲ್ಲ. ಎಕರೆಗೆ ಇಷ್ಟು ಅಂತ ಖರ್ಚು-ವೆಚ್ಚದ ಲೆಕ್ಕದಲ್ಲೇ ಅದು ಬರುತ್ತದೆ. ಆದರೆ ಆ ಪಾಠವನ್ನು ನಾವು ಕಲಿಸುತ್ತಿರುವ ರೀತಿ ನೋಡಿದರೆ, ಹೊಲಕ್ಕೆ ಅದು ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ.

ಶಾಲೆಯಲ್ಲಿ ಹೇಳಿಕೊಡುವುದು ಇಷ್ಟು: ಆರು ಕಾಲಿದ್ದರೆ ಕೀಟ, ಎಂಟು ಕಾಲಿದ್ದರೆ ಜೇಡದ ಬಳಗ. ಒಳ್ಳೆಯ ಸೂತ್ರವೇ. ಆದರೆ ಗೊಡ್ಡು ರೋಗದ ನುಸಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೆ ಇರುವುದು ನಾಲ್ಕೇ ಕಾಲು! ಅದೂ ತಲೆಯ ಹತ್ತಿರ. ಹಿಂದಿನ ಮೈಯೆಲ್ಲ ಉಂಗುರ ಉಂಗುರವಾದ ಸಣ್ಣ ಕೊಳವೆ. ಸೂತ್ರದ ಪ್ರಕಾರ ಇದು ಕೀಟವೂ ಅಲ್ಲ, ಜೇಡವೂ ಅಲ್ಲ. ಹಾಗಿದ್ದೂ ಪ್ರಾಣಿಶಾಸ್ತ್ರ ಇದನ್ನು ಜೇಡದ ಬಳಗದಲ್ಲೇ ಇಟ್ಟಿದೆ. ಯಾಕೆಂದರೆ ಕೀಟಕ್ಕೆ ಇರುವ ಮೀಸೆ ಇದಕ್ಕಿಲ್ಲ, ಬಾಯಿಯ ಭಾಗಗಳ ರಚನೆ ಜೇಡದ ಕಡೆಯದು, ಮೈಯ ಭಾಗಗಳ ಜೋಡಣೆಯೂ ಆ ಕಡೆಯದೇ. ಹಿಂದಿನ ಎರಡು ಜೊತೆ ಕಾಲುಗಳನ್ನು ಇದರ ಪೂರ್ವಜರು ಎಂದೋ ಕಳೆದುಕೊಂಡಿದ್ದಾರೆ.

ಇನ್ನು ಅದೇ ಹೊಲದ ಕಾಯಿಕೊರಕ ಕೀಡಿಯನ್ನು ಕೈಯಲ್ಲಿ ಹಿಡಿದು ನೋಡಿ. ನಮ್ಮ ರೈತರು ಗಿಡದ ಕೆಳಗೆ ಪ್ಲಾಸ್ಟಿಕ್ ಹಾಳೆಯನ್ನೋ ಹಳೆ ಸೀರೆಯನ್ನೋ ಹಾಸಿ, ಗಿಡ ಅಲ್ಲಾಡಿಸಿ ಉದುರಿಸುತ್ತಾರಲ್ಲ, ಆ ಹಸಿರು ಕೀಡಿ. ಕಾಲು ಎಣಿಸುತ್ತಾ ಹೋದರೆ ಹದಿನಾರು ಸಿಗುತ್ತವೆ. ತಲೆಯ ಹಿಂದೆ ಮೂರು ಜೊತೆ, ಹೊಟ್ಟೆಯ ಕೆಳಗೆ ನಾಲ್ಕು ಜೊತೆ, ಬಾಲದ ತುದಿಯಲ್ಲಿ ಒಂದು ಜೊತೆ. ಇದು ಕೀಟವೇ ಅಲ್ಲ ಅಂದುಬಿಡಬಹುದು, ಅಲ್ವಾ? ಆದರೆ ಸ್ವಲ್ಪ ಹತ್ತಿರದಿಂದ ನೋಡಿದರೆ ಕಾಲುಗಳಲ್ಲೇ ಎರಡು ಬಗೆ ಕಾಣುತ್ತವೆ. ಮುಂದಿನ ಮೂರು ಜೊತೆಗೆ ಗಂಟುಗಳಿವೆ, ತುದಿಯಲ್ಲಿ ಸಣ್ಣ ಉಗುರಿದೆ. ಹಿಂದಿನ ಐದು ಜೊತೆ ಬರೀ ಮಾಂಸದ ಮೊಟಕು. ಅವು ಟೊಂಗೆ ಹಿಡಿದುಕೊಳ್ಳುವುದಕ್ಕಷ್ಟೇ ಇವೆ. ಕೀಡಿ ಮಣ್ಣಿಗಿಳಿದು ಕೋಶವಾಗಿ, ಪತಂಗವಾಗಿ ಹಾರಿದಾಗ ಉಳಿಯುವುದು ಮುಂದಿನ ಆರು ಕಾಲು ಮಾತ್ರ.

ಅಂದರೆ ಎಷ್ಟು ಕಾಲು ಅನ್ನುವುದಕ್ಕಿಂತ ಎಂಥ ಕಾಲು, ಎಲ್ಲಿಂದ ಹುಟ್ಟಿದ ಕಾಲು ಅನ್ನುವುದು ಮುಖ್ಯ. ಎಣಿಕೆ ಯಾರಾದರೂ ಮಾಡಬಹುದು. ಯಾವ ಲಕ್ಷಣವನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ತೂಗುವುದೇ ವರ್ಗೀಕರಣದ ಕಷ್ಟದ ಕೆಲಸ.

ಕಷ್ಟ ಎಷ್ಟು ಅಂದರೆ, ಈ ವಿದ್ಯೆಗೆ ಅಡಿಪಾಯ ಹಾಕಿದ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಕೂಡ ಇಲ್ಲಿ ಎಡವಿದ್ದ. ಅವನ ಪುಸ್ತಕದ ಮೊದಲ ಆವೃತ್ತಿ 1735ರಲ್ಲಿ ಬಂತು. ಹತ್ತನೆಯದು 1758ರಲ್ಲಿ. ಪ್ರಾಣಿಗಳಿಗೆ ಎರಡು ಪದದ ವೈಜ್ಞಾನಿಕ ಹೆಸರಿಡುವ ಪದ್ಧತಿ ಗಟ್ಟಿಯಾಗಿದ್ದು ಈ ಹತ್ತನೆಯದರಿಂದಲೇ. ಅದರಲ್ಲಿ ಎಲ್ಲ ಪ್ರಾಣಿಗಳನ್ನೂ ಆರು ವರ್ಗ ಮಾಡಿದ್ದ: ಸಸ್ತನಿ, ಪಕ್ಷಿ, ಉಭಯಚರ, ಮೀನು, ಕೀಟ, ಹುಳು. ಹಾವು, ಹಲ್ಲಿ, ಆಮೆಗಳು ಕಪ್ಪೆಯ ಜೊತೆ ಉಭಯಚರದಲ್ಲಿದ್ದವು. ಜೇಡ, ಚೇಳು, ನುಸಿ, ಏಡಿ ಎಲ್ಲವೂ ಕೀಟಗಳ ಜೊತೆ. ಬೆನ್ನುಮೂಳೆ ಇಲ್ಲದ, ಎಲ್ಲೂ ಹೊಂದದ ಮಿಕ್ಕವನ್ನೆಲ್ಲ ಹುಳುಗಳ ಗುಂಪಿಗೆ ತುಂಬಿದ್ದ. ಮೊದಲ ಆವೃತ್ತಿಯಲ್ಲಿ ಮೀನುಗಳ ಜೊತೆಗಿದ್ದ ತಿಮಿಂಗಿಲವನ್ನು ಹತ್ತನೆಯದಕ್ಕೆ ಸಸ್ತನಿಗಳ ಕಡೆ ತಂದ. ಜೇಡದ ಬಳಗವನ್ನು ಕೀಟಗಳಿಂದ ಬಿಡಿಸಿ ಬೇರೆ ವರ್ಗ ಮಾಡಿದ್ದು ಮುಂದೆ ಫ್ರಾನ್ಸಿನ ಲಾಮಾರ್ಕ್. ಎಣ್ಣೆ ಅಂಗಡಿಯಲ್ಲಿ ಇವತ್ತು ಆಗುವ ತಪ್ಪು ಲಿನೇಯಸ್‌ನ ಕಾಲದಲ್ಲಿ ವಿಜ್ಞಾನವೇ ಆಗಿತ್ತು.

ಲಿನೇಯಸ್ ಹೋಲಿಕೆ ನೋಡಿ ಜೋಡಿಸಿದ. ಹೋಲಿಕೆ ಎಲ್ಲಿಂದ ಬಂತು ಅನ್ನುವುದಕ್ಕೆ ಅವನ ಬಳಿ ಉತ್ತರ ಇರಲಿಲ್ಲ. ಆ ಉತ್ತರ ಸಿಕ್ಕಿದ್ದು 1859ರಲ್ಲಿ ಡಾರ್ವಿನ್ ತನ್ನ ವಿಕಾಸದ ಪುಸ್ತಕ ಪ್ರಕಟಿಸಿದ ಮೇಲೆ: ಒಂದೇ ಪೂರ್ವಜನಿಂದ ಕವಲೊಡೆದದ್ದಕ್ಕೇ ಹೋಲಿಕೆ. ಅಲ್ಲಿಂದ ವರ್ಗೀಕರಣದ ಸ್ವರೂಪವೇ ಬದಲಾಯಿತು. ಸುಗ್ಗಿ ಮುಗಿದ ಮೇಲೆ ನಮ್ಮ ಊರುಗಳಿಗೆ ಹೆಳವರು ಬರುತ್ತಾರಲ್ಲ, ಮನೆ ಮುಂದೆ ನಿಂತು ಮೂಲಪುರುಷ ಯಾರು, ಯಾವ ಊರಿಂದ ಬಂದವರು, ಯಾವ ಕವಲು ಎಲ್ಲಿ ಒಡೆಯಿತು ಅಂತ ಒಂದೇ ಸಮ ಹೇಳುತ್ತಾರಲ್ಲ, ಇವತ್ತಿನ ಪ್ರಾಣಿಶಾಸ್ತ್ರಜ್ಞರ ಕೆಲಸ ಹೆಚ್ಚುಕಡಿಮೆ ಅದೇ. ಮುಖಚಹರೆ ಹೋಲುತ್ತದೆ ಅಂತ ಹೆಳವರು ಯಾರನ್ನೂ ಒಂದು ಮನೆತನಕ್ಕೆ ಸೇರಿಸುವುದಿಲ್ಲ. ಹಾಗೆಯೇ ಮುಖ ಹೋಲದಿದ್ದರೂ ದಾಯಾದಿ ದಾಯಾದಿಯೇ.

ಈ ವಂಶಾವಳಿಯ ಭಾಗವೇ ಪಠ್ಯದಿಂದ ಜಾರಿಹೋಯಿತು. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸುತ್ತೇವೆ ಅಂತ, ಶಾಲಾ ಪುಸ್ತಕ ತಯಾರಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ಪಠ್ಯ ಕಡಿತ ಮಾಡಿತು. ಆಗ 9ನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವಿಗಳ ವೈವಿಧ್ಯದ ಅಧ್ಯಾಯ ಪೂರ್ತಿ ಹೋಯಿತು. ಪ್ರಾಣಿಗಳ ವರ್ಗೀಕರಣ ಇದ್ದದ್ದು ಅಲ್ಲೇ. 10ನೇ ತರಗತಿಯಲ್ಲಿ ‘ಅನುವಂಶೀಯತೆ ಮತ್ತು ವಿಕಾಸ’ ಎಂದಿದ್ದ ಅಧ್ಯಾಯ ಬರೀ ‘ಅನುವಂಶೀಯತೆ’ ಆಯಿತು. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಬಹಿರಂಗ ಪತ್ರ ಬರೆದರು. 11 ಮತ್ತು 12ರಲ್ಲಿ ಇದೆಲ್ಲ ಬರುತ್ತದೆ ಎಂಬುದು ಕಡಿತವನ್ನು ಸಮರ್ಥಿಸಿದವರ ಉತ್ತರ. ನಿಜ, ಬರುತ್ತದೆ. ಜೀವಶಾಸ್ತ್ರ ತೆಗೆದುಕೊಂಡವರಿಗೆ ಮಾತ್ರ. ಹತ್ತಕ್ಕೇ ಓದು ನಿಲ್ಲಿಸಿ ಹೊಲಕ್ಕೆ ಹೋಗುವ ಹುಡುಗನಿಗೆ ಅದು ಯಾವತ್ತೂ ಬರುವುದಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಅಂಥ ಮಕ್ಕಳು ಕಡಿಮೆಯೇನಲ್ಲ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಕೊನೆಯ ಸ್ಥಾನದಲ್ಲಿತ್ತು. 2025ರಲ್ಲಿ ಆ ಸ್ಥಾನ ಕಲಬುರಗಿಗೆ ಬಂತು, ಶೇ. 42.43. ಇದಕ್ಕೂ ಪಠ್ಯ ಕಡಿತಕ್ಕೂ ನೇರ ನಂಟಿದೆ ಎಂದು ನಾನು ಹೇಳುತ್ತಿಲ್ಲ. ಕಾರಣಗಳು ಬೇರೆ ಇವೆ, ಅವು ಇದಕ್ಕಿಂತ ದೊಡ್ಡವು. ಆದರೆ ಗುಂಪುಗಳ ಹೆಸರು ಉರು ಹೊಡೆಸುವ ಪಾಠ ಮತ್ತು ಗುಂಪು ಯಾಕೆ ಎಂದು ಹೇಳುವ ಪಾಠ, ಇವೆರಡರಲ್ಲಿ ನಮ್ಮ ಮಕ್ಕಳಿಗೆ ಸಿಗುತ್ತಿರುವುದು ಮೊದಲನೆಯದೇ.

ಗುಂಪು ಯಾಕೆ ಬೇಕು? ಒಂದು ಪ್ರಾಣಿಯ ಕುಲ ಗೊತ್ತಾದರೆ, ನಾವು ಕಣ್ಣಾರೆ ನೋಡದ ಸಂಗತಿಗಳನ್ನೂ ಮುಂಚಿತವಾಗಿ ಊಹಿಸಬಹುದು. ಅಷ್ಟೇ ಕಾರಣ, ಆದರೆ ಬಹಳ ದೊಡ್ಡ ಕಾರಣ. ಯಾದಗಿರಿಯ ಹತ್ತಿ ಹೊಲಗಳನ್ನೇ ನೋಡಿ. 2002ರಲ್ಲಿ ದೇಶಕ್ಕೆ ಬಂದ ಬಿಟಿ ಹತ್ತಿಯಲ್ಲಿರುವ ಬ್ಯಾಕ್ಟೀರಿಯಾದ ಪ್ರೋಟೀನು, ಪತಂಗದ ಜಾತಿಯ ಕೀಡಿಗಳ ಕರುಳಿನ ಒಳಗೋಡೆಗೆ ಅಂಟಿಕೊಂಡು ಅದನ್ನು ಒಡೆಯುತ್ತದೆ. ಹಸಿರು ಕಾಯಿಕೊರಕ ಸಾಯುತ್ತದೆ. ಜೇನು, ಜೇಡಕ್ಕೆ ಏನೂ ಆಗದು. ಅದೇ ಗಿಡದ ರಸ ಹೀರುವ ಹೇನು, ಬಿಳಿನೊಣ, ಜಿಗಿಹುಳುಗಳಿಗೂ ಏನೂ ಆಗದು. ಅವು ಬೇರೆ ಕುಲ, ಕರುಳು ಬೇರೆ, ಬಾಯಿಯೂ ಬೇರೆ. “ಬಿಟಿ ಹಾಕೀನಿ, ಆದ್ರೂ ಹುಳ ಬಿದ್ದಾವ” ಎಂದು ಬೇಸರಪಟ್ಟುಕೊಂಡ ರೈತರು ಎಷ್ಟೋ ಜನ. ಬಿಟಿ ಯಾವ ಕುಲಕ್ಕೆ ಎಂದು ಬೀಜದ ಪಾಕೀಟಿನ ಜೊತೆ ಯಾರೂ ಬಿಡಿಸಿ ಹೇಳಿರಲಿಲ್ಲ. ಗುಲಾಬಿ ಕಾಯಿಕೊರಕದ ಕಥೆ ಮಾತ್ರ ಬೇರೆ. ಅದು ಪತಂಗದ ಕುಲದ್ದೇ, ಮೊದಲು ಸಾಯುತ್ತಿತ್ತು, ಆಮೇಲೆ ಬಿಟಿಯನ್ನು ಅರಗಿಸಿಕೊಳ್ಳುವ ಶಕ್ತಿ ಬೆಳೆಸಿಕೊಂಡಿತು. ಪುಸ್ತಕದಿಂದ ಕೈಬಿಟ್ಟ ವಿಕಾಸ ಹೊಲದಲ್ಲಿ ನಡೆದೇ ಇದೆ.

ತೊಗರಿಗೆ ಹೊಡೆಯುವ ಎನ್‌ಪಿವಿ ದ್ರಾವಣ ಇದಕ್ಕಿಂತ ಸೂಕ್ಷ್ಮ. ಕಾಯಿಕೊರಕಕ್ಕೆ ತಯಾರಿಸಿದ ಎನ್‌ಪಿವಿ ವೈರಸ್ ಕಾಯಿಕೊರಕವನ್ನಷ್ಟೇ ಕೊಲ್ಲುತ್ತದೆ. ಎಲೆ ತಿನ್ನುವ ಸ್ಪೊಡಾಪ್ಟೆರಾ ಕೀಡಿಗೆ ಬೇರೆಯದೇ ಎನ್‌ಪಿವಿ ಬೇಕು. ಹೊಲಕ್ಕೆ ಬಂದ ಕೀಡಿ ಯಾವುದು ಎಂದು ಗುರುತಿಸದೆ ದ್ರಾವಣ ತಂದರೆ ನೀರು ಹೊಡೆದಂತೆಯೇ.

ಈಗ ಕೀಡಿಯಿಂದ ಸ್ವಲ್ಪ ದೊಡ್ಡ ಪ್ರಾಣಿಗೆ ಬರೋಣ. ಬೀದರ್, ಕಲಬುರಗಿಯ ಬಯಲಲ್ಲಿ ಬೆಳೆ ಮೊಳಕೆ ಒಡೆಯುತ್ತಿದ್ದಂತೆ ಜಿಂಕೆ ಹಿಂಡು ಇಳಿಯುತ್ತದೆ. ಹೆಸರು, ಉದ್ದು, ತೊಗರಿ, ಜೋಳ, ಎಳೆಯದು ಸಿಕ್ಕಿದ್ದೆಲ್ಲ ಮೇಯುತ್ತದೆ. ರಾತ್ರಿಯೆಲ್ಲ ಕಾಯ್ದರೂ ಬೆಳಗಾಗುವುದರಲ್ಲಿ ಸಾಲಿಗೆ ಸಾಲೇ ಬೋಳು. ಊರಲ್ಲಿ ಎಲ್ಲರೂ ಜಿಂಕೆ ಅನ್ನುವ ಈ ಪ್ರಾಣಿ ಕೃಷ್ಣಮೃಗ. ಹೆಸರಿನ ತಕರಾರು ನನ್ನದಲ್ಲ, ಜನ ಕರೆದಂತೆ ಕರೆಯಲಿ. ಕುಲದ ವಿಷಯ ಮಾತ್ರ ಸ್ವಾರಸ್ಯವಾಗಿದೆ. ಕಾಡಿನ ಚುಕ್ಕೆ ಜಿಂಕೆಗಿಂತ ನಿಮ್ಮ ಹಟ್ಟಿಯ ಮೇಕೆ, ಕೊಟ್ಟಿಗೆಯ ದೇವಣಿ ಹಸು ಕೃಷ್ಣಮೃಗಕ್ಕೆ ಹತ್ತಿರದ ನೆಂಟರು.

ಸಾಕ್ಷಿ ತಲೆಯ ಮೇಲೇ ಇದೆ. ಚುಕ್ಕೆ ಜಿಂಕೆ, ಕಡವೆಗಳ ಕೊಂಬು ಗಟ್ಟಿ ಮೂಳೆ. ಅದು ಕವಲೊಡೆಯುತ್ತದೆ. ಬೆಳೆಯುವಾಗ ಮೇಲೆ ರೋಮ ಇರುವ ಮೆತ್ತನೆಯ ಚರ್ಮ, ಅದರಲ್ಲಿ ರಕ್ತ ಹರಿಯುತ್ತಿರುತ್ತದೆ. ಬೆಳೆದು ಮುಗಿದ ಮೇಲೆ ಚರ್ಮ ಒಣಗಿ ಸುಲಿಯುತ್ತದೆ. ಕಡೆಗೆ ಇಡೀ ಕೊಂಬೇ ಬಿದ್ದುಹೋಗಿ ಹೊಸದು ಹುಟ್ಟುತ್ತದೆ. ಕೃಷ್ಣಮೃಗದ್ದು ಹಾಗಲ್ಲ. ಒಳಗೆ ಮೂಳೆಯ ತಿರುಳು, ಅದರ ಮೇಲೆ ನಮ್ಮ ಉಗುರಿನ ವಸ್ತುವಿನಿಂದಲೇ ಆದ ಟೊಳ್ಳು ಹೊದಿಕೆ. ಕವಲಿಲ್ಲ, ತಿರುಚಿಕೊಂಡು ಮೇಲೆ ಹೋಗುತ್ತದೆ. ಉದುರುವುದಿಲ್ಲ, ಸಾಯುವ ತನಕ ಅದೇ ಕೊಂಬು. ಹೋರಿಯ ಕೊಂಬು ಹೇಗಿದೆ ಎಂದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಸು, ಎಮ್ಮೆ, ಕುರಿ, ಮೇಕೆ, ನಾಲ್ಕು ಕೊಂಬಿನ ಕೊಂಡುಕುರಿ, ಕೃಷ್ಣಮೃಗ, ಎಲ್ಲವೂ ಒಂದೇ ಮನೆತನ. ಜಿಂಕೆ, ಕಡವೆ ಪಕ್ಕದ ಮನೆತನ. ಇದನ್ನು ಲಿನೇಯಸ್ ಕೂಡ ಸರಿಯಾಗಿ ಗ್ರಹಿಸಿದ್ದ ಅನ್ನಿಸುತ್ತದೆ. 1758ರಲ್ಲಿ ಕೃಷ್ಣಮೃಗವನ್ನು ಅವನು ಸೇರಿಸಿದ್ದು ಮೇಕೆಗಳ ಜೊತೆ, ಕಾಪ್ರಾ ಕುಲದಲ್ಲಿ. ಹೆಣ್ಣು ಕೃಷ್ಣಮೃಗಕ್ಕೆ ಸಾಮಾನ್ಯವಾಗಿ ಕೊಂಬೇ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಒಂದೇ ಲಕ್ಷಣ ನಂಬಿ ಕೂತರೆ ಅರ್ಧ ಹಿಂಡು ಕೈಬಿಟ್ಟು ಹೋಗುತ್ತದೆ.

ಈ ನೆಂಟಸ್ತಿಕೆಗೆ ಎರಡು ಪರಿಣಾಮಗಳಿವೆ. ಒಂದು ಕಾಯ್ದೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಾಣಿಗಳನ್ನು ಅನುಸೂಚಿಗಳಾಗಿ ಹಂಚುವಾಗ ಊರಿನ ಹೆಸರನ್ನು ನೆಚ್ಚುವುದಿಲ್ಲ, ಪಕ್ಕದಲ್ಲಿ ವೈಜ್ಞಾನಿಕ ಹೆಸರನ್ನೂ ಬರೆಯುತ್ತದೆ. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳು ಆರರಿಂದ ನಾಲ್ಕಕ್ಕೆ ಇಳಿದವು. ಕೃಷ್ಣಮೃಗ ಮೊದಲಿನಂತೆ 1ನೇ ಅನುಸೂಚಿಯಲ್ಲೇ ಉಳಿಯಿತು, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ಕಾಡುಹಂದಿ 2ನೆಯದರಲ್ಲಿದೆ. ಎರಡೂ ಒಂದೇ ಹೊಲ ಹಾಳು ಮಾಡುತ್ತವೆ, ಆದರೆ ಕಾನೂನಿನ ಕಣ್ಣಲ್ಲಿ ಬೇರೆ ಬೇರೆ. ರೈತನಿಗೆ ಇದು ಅನ್ಯಾಯ ಅನ್ನಿಸುವುದು ಸಹಜ. ಪರಿಹಾರದ ಅರ್ಜಿಯಲ್ಲಿ ಯಾವ ಪ್ರಾಣಿ ಎಂಬ ಕಾಲಂ ಇರುವುದಂತೂ ಸುಮ್ನೆ ಅಲ್ಲ.

ಎರಡನೆಯದು ರೋಗದ್ದು. ನನ್ನ ಪ್ರಕಾರ ಇದರ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ. ಕಾಲುಬಾಯಿ ಜ್ವರ ಸೀಳುಗೊರಸಿನ ಪ್ರಾಣಿಗಳನ್ನು ಹಿಡಿಯುತ್ತದೆ: ದನ, ಎಮ್ಮೆ, ಕುರಿ, ಮೇಕೆ, ಹಂದಿ, ಜಿಂಕೆ, ಕೃಷ್ಣಮೃಗ. ಕುದುರೆ, ಕತ್ತೆಗೆ ಬರುವುದಿಲ್ಲ, ಅವುಗಳ ಗೊರಸು ಒಂದೇ. ಗೊರಸಿಗೂ ವೈರಸ್ಸಿಗೂ ನೇರ ಸಂಬಂಧ ಇದೆ ಅಂತಲ್ಲ. ಗೊರಸು ಕುಲದ ಗುರುತು, ವೈರಸ್ ಹಿಡಿಯುವುದು ಕುಲವನ್ನು. ಕುರಿ-ಮೇಕೆಗಳ ಪಿಪಿಆರ್ ರೋಗವೂ ಹೀಗೇ ದಾಟುತ್ತದೆ. ಮಂಗೋಲಿಯಾದಲ್ಲಿ 2016-17ರಲ್ಲಿ ಸಾಕಿದ ಕುರಿ-ಮೇಕೆಗಳಿಂದ ಸೈಗಾ ಎಂಬ ಹುಲ್ಲೆಗಳಿಗೆ ಪಿಪಿಆರ್ ತಗುಲಿ ಸಾವಿರಾರು ಸತ್ತವು. ಸೈಗಾ ನಮ್ಮ ಕೃಷ್ಣಮೃಗದ ಹತ್ತಿರದ ದಾಯಾದಿ. ಕುರಿ ಹಿಂಡು ಮತ್ತು ಕೃಷ್ಣಮೃಗ ಒಂದೇ ಬೀಳುಭೂಮಿಯಲ್ಲಿ ಮೇಯುವ ನಮ್ಮ ಬಯಲಲ್ಲಿ, ಕುರಿಗೆ ಹಾಕಿಸುವ ಪಿಪಿಆರ್ ಲಸಿಕೆ ಕಾಡುಪ್ರಾಣಿಗೂ ಬೇಲಿ.

ವೈರಸ್‌ಗಳಲ್ಲೂ ಕುಲ ನೋಡುವುದುಂಟು. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದಾಗ ಹಾಕಿದ್ದು ಮೇಕೆಗಳ ಸಿಡುಬಿನ ಲಸಿಕೆ. ಊರಲ್ಲಿ ಅನುಮಾನಪಟ್ಟವರಿದ್ದರು, “ಮೇಕಿ ಸೂಜಿ ಎತ್ತಿಗ್ಯಾಕ?” ಅಂತ. ಎರಡೂ ರೋಗದ ವೈರಸ್‌ಗಳು ಒಂದೇ ಕುಲದವು ಎಂಬುದೇ ಉತ್ತರ.

ಸೀಳುಗೊರಸಿನ ಈ ಬಳಗದಲ್ಲಿ ಇನ್ನೊಂದು ಮೂಳೆ ಇದೆ, ಮಾಂಸದ ಅಂಗಡಿಯಲ್ಲಿ ಕೇಳಿ ನೋಡಬಹುದು. ಕುರಿಯ ಹಿಂಗಾಲಿನ ಹರಡಿನ ಗಂಟಿನಲ್ಲಿ ಕೂತಿರುವ ಸಣ್ಣ ಮೂಳೆ. ಮೇಲೆ, ಕೆಳಗೆ ಎರಡೂ ತುದಿಯಲ್ಲಿ ರಾಟೆಯ ಆಕಾರದ ತೋಡು. ನಾಯಿಯಲ್ಲಿ, ಕುದುರೆಯಲ್ಲಿ, ನಮ್ಮಲ್ಲಿ ಒಂದೇ ತುದಿಗೆ ಇಂಥ ಆಕಾರ. 2001ರಲ್ಲಿ ಪಾಕಿಸ್ತಾನದಲ್ಲಿ ಸಿಕ್ಕ ಪಳೆಯುಳಿಕೆಗಳ ವಿವರ ಹೊರಬಂದಾಗ, ಕಾಲಿದ್ದ ಹಳೆಯ ತಿಮಿಂಗಿಲಗಳಲ್ಲಿ ಇದೇ ಎರಡು ತೋಡಿನ ಮೂಳೆ ಇತ್ತು. ತಿಮಿಂಗಿಲ ಸೀಳುಗೊರಸಿನ ವಂಶದ್ದು ಎಂದು ಡಿಎನ್‌ಎ ಮೊದಲೇ ಹೇಳಿತ್ತು. ಈಗ ಮೂಳೆಯೂ ಹೌದು ಅಂದಿತು. ಬದುಕಿರುವವುಗಳಲ್ಲಿ ತಿಮಿಂಗಿಲಕ್ಕೆ ಅತಿ ಹತ್ತಿರದ ನೆಂಟ ನೀರುಕುದುರೆ. ಮೀನಿನ ಆಕಾರ ಬರೀ ನೀರಿನ ಕಟ್ಟುಪಾಡು.

ಕೃಷ್ಣೆಯ ದಂಡೆಯ ಮೊಸಳೆಯದೂ ಇಂಥದ್ದೇ ಕಥೆ. ನೋಡಿದರೆ ದೊಡ್ಡ ಹಲ್ಲಿ. ಆದರೆ ಹಲ್ಲಿಯ ಹೃದಯಕ್ಕೆ ಮೂರು ಕೋಣೆ, ಮೊಸಳೆಗೆ ನಾಲ್ಕು, ಹಕ್ಕಿಗಳಿಗೂ ನಾಲ್ಕು. ತಾಯಿ ಮೊಸಳೆ ಗೂಡು ಕಾಯುತ್ತದೆ, ಮರಿಗಳನ್ನು ಬಾಯಲ್ಲಿ ಹೊತ್ತು ನೀರಿಗೆ ಬಿಡುತ್ತದೆ. ಬದುಕಿರುವ ಪ್ರಾಣಿಗಳಲ್ಲಿ ಮೊಸಳೆಗೆ ಹತ್ತಿರದ ಬಂಧುಗಳು ಹಕ್ಕಿಗಳೇ, ಹಲ್ಲಿ ದೂರದ್ದು. ಶಾಲೆಯ ‘ಸರೀಸೃಪ’ ಎಂಬ ಗುಂಪು ವಂಶಾವಳಿಯ ಲೆಕ್ಕದಲ್ಲಿ ನಿಲ್ಲುವುದಿಲ್ಲ, ಹಕ್ಕಿಗಳನ್ನೂ ಒಳಗೆ ಬಿಟ್ಟುಕೊಳ್ಳದಿದ್ದರೆ.

ಇಲ್ಲಿಯವರೆಗೆ ಹೇಳಿದ್ದು ಬೆಳೆ, ದನಕರುಗಳ ಮಾತಾಯಿತು. ಹಾವಿನ ವಿಷಯದಲ್ಲಿ ಜೀವದ ಪ್ರಶ್ನೆ ಬರುತ್ತದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಸಾರಿತು. ಸೋಯಾ ಕೊಯ್ಲು, ತೊಗರಿ ರಾಶಿಯ ಹೊತ್ತಿನಲ್ಲಿ ಹೊಲದಲ್ಲೇ ಮಲಗುವವರಿಗೆ ಇದು ದೂರದ ಸುದ್ದಿಯಲ್ಲ.

ಹಾವು ಎಂದರೆ ಎಲ್ಲದಕ್ಕೂ ಕೈಕಾಲಿಲ್ಲದ ಒಂದೇ ಆಕಾರ. ಬೇರೆ ಮಾಡುವುದು ಹಲ್ಲು. ನಾಗರಹಾವು ಮತ್ತು ಕಟ್ಟುಹಾವು ಒಂದು ಕುಟುಂಬ. ಇವುಗಳ ವಿಷದ ಹಲ್ಲು ಚಿಕ್ಕದು, ಬಾಯಿಯ ಮುಂಭಾಗದಲ್ಲಿ ಅಲ್ಲಾಡದೆ ನೆಟ್ಟಿರುತ್ತದೆ. ಕೊಳಕುಮಂಡಲ ಮತ್ತು ಗರಗಸಮಂಡಲ ಇನ್ನೊಂದು ಕುಟುಂಬ. ಇವುಗಳ ಹಲ್ಲು ಉದ್ದ, ಬಾಯಿ ಮುಚ್ಚಿದಾಗ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಕಚ್ಚುವಾಗ ಮುಂದಕ್ಕೆ ತೆರೆದುಕೊಳ್ಳುತ್ತದೆ. ವಿಷದ ಗುಣವೂ ಹಲ್ಲಿನ ಹಿಂದೆಯೇ ಬೇರೆಯಾಗುತ್ತದೆ. ಮೊದಲ ಕುಟುಂಬದ ವಿಷ ಮುಖ್ಯವಾಗಿ ನರಗಳನ್ನು ಹಿಡಿಯುತ್ತದೆ: ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ಉಸಿರಾಟ ನಿಲ್ಲುತ್ತದೆ. ಎರಡನೆಯದು ರಕ್ತವನ್ನು ಹಿಡಿಯುತ್ತದೆ: ಊತ, ವಸಡಿನಲ್ಲಿ ರಕ್ತ, ಹೆಪ್ಪುಗಟ್ಟದ ರಕ್ತ.

ಕಟ್ಟುಹಾವಿನದು ಎಲ್ಲಕ್ಕಿಂತ ಮೋಸ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಹಲ್ಲು ಅಷ್ಟು ಸಣ್ಣದಾದ್ದರಿಂದ ಗಾಯ ಕಾಣದೆಯೂ ಇರಬಹುದು, ನೋವೂ ಇರುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವು ಅಂತ ಎದ್ದರೆ ಮನೆಯವರು ಓಮ ಕೊಟ್ಟು ಮಲಗಿಸುತ್ತಾರೆ. ಇದಕ್ಕೆ ಹೋಲುವ ತೋಳಹಾವು ಮನೆ ಗೋಡೆಗಳಲ್ಲಿ ಹಲ್ಲಿ ಹುಡುಕಿಕೊಂಡು ಓಡಾಡುತ್ತದೆ, ವಿಷವಿಲ್ಲ. ಎರಡಕ್ಕೂ ಕಪ್ಪು-ಕಂದು ಮೈ, ಬಿಳಿ ಪಟ್ಟೆ. ಪಟ್ಟೆ ನೋಡಿ ತೀರ್ಮಾನಿಸಿದರೆ ಕೆಟ್ಟೆವು. ನಂಬಬಹುದಾದ ಗುರುತು ಬೆನ್ನಿನ ನಡುವಿನ ಹುರುಪೆಗಳ ಸಾಲು. ಕಟ್ಟುಹಾವಿನಲ್ಲಿ ಆ ಸಾಲು ಅಕ್ಕಪಕ್ಕದವಕ್ಕಿಂತ ದೊಡ್ಡದು, ಆರು ಮೂಲೆಯದು. ತೋಳಹಾವಿನಲ್ಲಿ ಹಾಗಿಲ್ಲ. ಇದು ಪರಿಣತರು ನೋಡುವ ಗುರುತು. ರಾತ್ರಿ ಟಾರ್ಚ್ ಹಿಡಿದು ಹುರುಪೆ ನೋಡಲು ಹೋಗುವುದು ಮೂರ್ಖತನ. ಹಾವನ್ನು ಹಿಡಿದೋ ಹೊಡೆದೋ ಆಸ್ಪತ್ರೆಗೆ ಒಯ್ಯಬೇಕಿಲ್ಲ.

ಯಾಕೆ ಬೇಕಿಲ್ಲ ಅಂದರೆ, ನಮ್ಮ ದೇಶದ ವಿಷನಿರೋಧಕ ಔಷಧ ಈ ನಾಲ್ಕೂ ಹಾವುಗಳ ವಿಷ ಸೇರಿಸಿ, ಕುದುರೆಗಳಿಗೆ ಚುಚ್ಚಿ ತಯಾರಾದದ್ದು. ಡಾಕ್ಟರು ನೋಡುವುದು ರೋಗಿಯ ಮೈಯನ್ನು. ಒಂದು ಪರೀಕ್ಷೆಯಂತೂ ಬಹಳ ಸರಳ. ರೋಗಿಯ ಸ್ವಲ್ಪ ರಕ್ತವನ್ನು ಒಣಗಿದ, ಶುಭ್ರವಾದ ಗಾಜಿನ ನಳಿಕೆಗೆ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡುತ್ತಾರೆ. ಆಮೇಲೆ ನಳಿಕೆ ಬಾಗಿಸಿ ನೋಡುತ್ತಾರೆ. ರಕ್ತ ಇನ್ನೂ ನೀರಾಗಿ ಹರಿದರೆ ಅದು ಮಂಡಲದ ಕುಟುಂಬದ ಕೆಲಸ. ಹಾವನ್ನು ಯಾರೂ ನೋಡಿಲ್ಲ, ಆದರೂ ಅದರ ಕುಟುಂಬ ಗೊತ್ತಾಯಿತು.

ಕೊನೆಗೆ ಕುರಿಗಾಹಿಗಳ ತಲೆನೋವು: ತೋಳ. ಚಿಂಚೋಳಿಯ ವನ್ಯಜೀವಿಧಾಮ ಮತ್ತು ಸುತ್ತಲಿನ ಕುರುಚಲು ಬಯಲಲ್ಲಿ ತೋಳವೂ ಇದೆ, ಕತ್ತೆಕಿರುಬವೂ ಇದೆ. ಎರಡೂ ನಾಯಿಯಂತೆ ಕಾಣುತ್ತವೆ. ತೋಳ ನಾಯಿಯ ಸ್ವಂತ ಕುಲದ್ದು, ಎರಡೂ ಕೂಡಿದರೆ ಮರಿಯಾಗುತ್ತದೆ. ಕತ್ತೆಕಿರುಬ ಹಾಗಲ್ಲ. ಕಿವಿಯ ಹಿಂದಿನ ಗುಬುಟು ಮೂಳೆಯ ಒಳರಚನೆ ಮತ್ತು ಡಿಎನ್‌ಎ ಎರಡೂ ಅದನ್ನು ಬೆಕ್ಕು, ಮುಂಗುಸಿಗಳ ಕಡೆಗೆ ಒಯ್ಯುತ್ತವೆ. ನಾಯಿಯ ಆಕಾರ ಅದಕ್ಕೆ ಬದುಕಿನ ರೀತಿಯಿಂದ ಬಂದದ್ದು.

ತೋಳದ ಮಟ್ಟಿಗೆ ದೇಹರಚನೆಯೂ ಕೈಕೊಡುತ್ತದೆ. ನಮ್ಮ ಬಯಲಿನ ತೋಳ ನೋಡಲು ಬೇರೆ ದೇಶಗಳ ತೋಳದ ಸಣ್ಣ, ಬಡಕಲು ರೂಪ ಅಷ್ಟೇ. ಆದರೆ 2021ರಲ್ಲಿ ಪ್ರಕಟವಾದ ಪೂರ್ಣ ಜೀನೋಮ್ ಅಧ್ಯಯನ, ಭಾರತದ ಬಯಲಿನ ತೋಳಗಳು ಬಹಳ ಹಿಂದೆಯೇ ಬೇರೆಯಾದ, ಅತ್ಯಂತ ವಿಶಿಷ್ಟ ಕವಲು ಎಂದು ತೋರಿಸಿತು. ಜಗತ್ತಿನ ಉಳಿದ ತೋಳಗಳ ಜೊತೆ ಇದನ್ನೂ ಒಂದೇ ಹೆಸರಿನಲ್ಲಿ ಸೇರಿಸಿಬಿಡುವ ಅಪಾಯ ಇದೆ. ಒಟ್ಟು ಲೆಕ್ಕದಲ್ಲಿ ತೋಳ ಬೇಕಾದಷ್ಟಿವೆ ಅನ್ನಿಸಿದರೆ ಈ ಕವಲಿನ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಅದರ ಮೇಲೆ ಬೀದಿ ನಾಯಿಗಳ ಕಾಟ. ಪಕ್ಕದ ಮಹಾರಾಷ್ಟ್ರದ ಪುಣೆ ಬಳಿ ತೋಳ-ನಾಯಿಯ ಬೆರಕೆ ಪ್ರಾಣಿಗಳು ಇರುವುದು ಡಿಎನ್‌ಎ ಪರೀಕ್ಷೆಯಿಂದ 2023ರಲ್ಲಿ ಖಚಿತವಾಯಿತು. ನಮ್ಮ ಬಯಲಿನ ಸ್ಥಿತಿಯೂ ಅದಕ್ಕಿಂತ ಬೇರೆಯಲ್ಲ: ಊರ ಹೊರಗಿನ ಕಸದ ಗುಂಡಿ, ಅಲ್ಲಿ ನಾಯಿ ಹಿಂಡು, ಅದರಾಚೆ ಬೀಳುಭೂಮಿ, ತೋಳ. ಹಟ್ಟಿಗೆ ನುಗ್ಗಿ ಕುರಿ ಎಳೆದದ್ದು ತೋಳವಾದರೆ ಅರಣ್ಯ ಇಲಾಖೆಯ ಪರಿಹಾರ ಕೇಳಬಹುದು, ನಾಯಿಯಾದರೆ ಆ ಬಾಗಿಲು ಮುಚ್ಚಿತು. ಬೆರಕೆಯಾದರೆ? ಪಂಚನಾಮೆ ಬರೆಯುವವರ ಕೈಯಲ್ಲಿ ಇರುವುದು ಹೆಜ್ಜೆ ಗುರುತು ಮತ್ತು ಕಡಿದ ಗಾಯ. ಅವೆರಡೂ ನಾಯಿ-ತೋಳಗಳಲ್ಲಿ ಹೆಚ್ಚುಕಡಿಮೆ ಒಂದೇ. ಇದಕ್ಕೆ ಉತ್ತರ ಹೊಸ ಅರ್ಜಿ ನಮೂನೆಯಲ್ಲಿ ಸಿಗುವುದಿಲ್ಲ. ಕಸದ ಗುಂಡಿ ಮುಚ್ಚುವುದು, ಬೀದಿ ನಾಯಿಗಳಿಗೆ ಸಂತಾನಹರಣ ಮತ್ತು ಲಸಿಕೆ ಮಾಡಿಸುವುದು ಗ್ರಾಮ ಪಂಚಾಯಿತಿಯ ಕೆಲಸ. ಸದ್ಯಕ್ಕೆ ತೋಳದ ಕವಲು ಉಳಿಯುವುದು ಆ ಕೆಲಸ ಎಷ್ಟು ಬೇಗ ಆಗುತ್ತದೆ ಎಂಬುದರ ಮೇಲೆಯೇ.